ಒಂಬತ್ತನೇ ಮಂಚದ ಬೇಸಿನ್

ಈ ಕಥೆಯನ್ನು ಮೊದಲು ಹೇಳಿದವಳು ವಂಡ್ಸೆಯ ಸುಂದರಿ. ಹೇಳಿದ್ದು 2024ರ ಜನವರಿ ತಿಂಗಳ ಎರಡನೆಯ ಭಾನುವಾರ, ಬೆಳಗಿನ ಹತ್ತು ಗಂಟೆಗೆ, ಅದೇ ಊರಿನ ಚಂದ್ರನ ಮನೆಯ ಬಚ್ಚಲಿನ ಹೊರಗೆ. ಚಂದ್ರನ ಮಗಳು ಹೆತ್ತು ಹದಿನಾಲ್ಕು ದಿನವಾಗಿತ್ತು. ಅವಳನ್ನು ಮೀಯಿಸಲು ಬಂದಿದ್ದ ಸುಂದರಿ ಹಂಡೆಯ ನೀರಿಗೆ ಹದ ಬರುವ ತನಕ ಹೇಳಿದ ಕಥೆ ಇದು. ಕೇಳಲು ನೆರೆಕರೆಯ ಆರು ಮಂದಿ ಹೆಂಗಸರಿದ್ದರು. ಇದೇ ಕಥೆ ಆಮೇಲೆ ಬೈಂದೂರು, ಬ್ರಹ್ಮಾವರಗಳ ಕಡೆಯಲ್ಲೂ ಕೇಳಸಿಕ್ಕಿತು. ಹೇಳುವವರು ಬದಲಾದಂತೆ ಕೆಲವು ಸಂಗತಿಗಳೂ ಬದಲಾಗಿವೆ. ಬದಲಾದದ್ದನ್ನು ಆಯಾ ಜಾಗದಲ್ಲಿ ಸೂಚಿಸಿದೆ. ಉಳಿದಂತೆ ಕ್ರಮ ಸುಂದರಿಯದು. ಅವಳು ಯಾವ ಮಾತಿನಿಂದ ಶುರುಮಾಡಿದಳೋ ಅದೇ ಇಲ್ಲೂ ಮೊದಲ ಮಾತು.

“ನೀನ್ ಇಲ್ಲಿಗ್ ಬಂದದ್ ಕಾಂಬುಕಲ್ಲ, ಒರ್ಸುಕೆ. ಗೊತ್ತಾಯ್ತಾ?”

ಬಂದದ್ದು ನೋಡುವುದಕ್ಕಲ್ಲ, ಒರೆಸುವುದಕ್ಕೆ ಎಂದವನು ಉಮಾನಾಥ. ಮುಂಬೈಯಲ್ಲಿ ಮೂರು ಹೋಟೆಲು ನಡೆಸಿ, ಊರಿಗೆ ಮರಳಿ, ಕುಂದಾಪುರದ ಹೆದ್ದಾರಿ ಬದಿಯಲ್ಲಿ ಆಸ್ಪತ್ರೆ ಕಟ್ಟಿಸಿದವನು. ಅನ್ನಿಸಿಕೊಂಡವಳು ಸುಂದರಿ, ಆ ಆಸ್ಪತ್ರೆಯ ಎರಡನೆಯ ಮಹಡಿಯ ಬಾಳಂತಿ ವಾರ್ಡಿಗೆ ಏಜೆನ್ಸಿಯ ಮೂಲಕ ಸೇರಿದ್ದ ಆಯಾ. ಅಂದು ಅವಳ ತಪ್ಪು ಇಷ್ಟು: ಡಾಕ್ಟರು ರೌಂಡ್ಸಿಗೆ ಬಂದಾಗ, ಮೂರನೇ ಮಂಚದ ಹೆಂಗಸಿಗೆ ಬೆಳಗಿನಿಂದ ಕಣ್ಣು ಮಂಜಾಗುತ್ತಿದೆಯಂತೆ ಎಂದು ಬಾಯಿಬಿಟ್ಟು ಹೇಳಿದ್ದು. ವಿನಯಾ ಡಾಕ್ಟರು ರಕ್ತದೊತ್ತಡ ನೋಡಿದರು, ಇನ್ನೊಮ್ಮೆ ನೋಡಿದರು, ಕೂಡಲೇ ಚುಚ್ಚುಮದ್ದು ಕೊಡಿಸಿದರು. ಮೂರನೇ ಮಂಚದವಳು ಐದನೇ ದಿನ ಮಗು ಎತ್ತಿಕೊಂಡು ಮನೆಗೆ ಹೋದಳು. ಆದರೆ ಆಯಾ ಆಡಿದ ಮಾತು ಮಂಚದ ಸುತ್ತ ನಿಂತಿದ್ದ ನೆಂಟರ ಕಿವಿಗೂ ಬಿದ್ದಿತ್ತು.

“ಸಿಸ್ಟರಿಗ್ ಗೊತ್ತಿಲ್ದೆ ಇದ್ದದ್ ಗುಡ್ಸು ಹೆಂಗ್ಸಿಗ್ ಗೊತ್ತಿತ್ತಂಬ್ರ್ ಅಂದೇಳಿ ನಾಳಿಗೆ ಊರೆಲ್ಲ ಹೇಳ್ತ್ರ್. ನನ್ ಆಸ್ಪತ್ರೆ ಮರ್ಯಾದಿ ಎಂತ ಆಯ್ಕ್? ನಿನ್ನಪ್ಪ ಬಚ್ಚ ನಮ್ ಅಂಗಳದ್ ಬದಿಯಗೆ ನಿಂತ್ಕಂಡ್, ಕೇಂಡ್ರೆ ಮಾತ್ರ ಬಾಯ್ ಬಿಡ್ತಿದ್ದ. ಅದನ್ನೂ ಕಲ್ಸಿಲ್ಯಾ ಅವ ನಿಂಗೆ?”

“ಕಲ್ಸಿದ್ದ, ಸಾರ್. ಆರೆ ನಿಮ್ ಅಂಗಳದಗೆ ಯಾರೂ ಹೆತ್ತಿರ್ಲಿಲ್ಲೆ.”

ಈ ಉತ್ತರವನ್ನು ಸುಂದರಿ ಗಟ್ಟಿಯಾಗಿಯೇ ಹೇಳಿದಳೆಂದು ಬೈಂದೂರಿನ ಕಡೆಯವರು ಹೇಳುತ್ತಾರೆ. ಮನಸ್ಸಿನಲ್ಲಿ ಹೇಳಿಕೊಂಡದ್ದೆಂದು ಸುಂದರಿಯೇ ತಿದ್ದಿದ್ದಾಳೆ. ಬಾಯಲ್ಲಿ ಹೇಳಿದ್ದು “ಆಯ್ತ್ ಸಾರ್” ಎಂದಷ್ಟೆ.

ಆಸ್ಪತ್ರೆಯ ನಿಯಮಗಳು ಹೋಟೆಲಿನಿಂದ ಬಂದಿದ್ದವು. ಗಿರಾಕಿ ಕೈ ತೊಳೆದು ತಿರುಗುವಷ್ಟರಲ್ಲಿ ಎಂಜಲು ತಟ್ಟೆ ಮೇಜಿನ ಮೇಲೆ ಇರಕೂಡದು. ಅದೇ ಪ್ರಕಾರ, ಬಾಳಂತಿಯ ಪ್ಯಾಡು ಬದಲಿಸಿದರೆ ರಕ್ತ ತುಂಬಿದ ಹಳೆಯ ಪ್ಯಾಡು ಐದು ನಿಮಿಷದೊಳಗೆ ಹಳದಿ ಚೀಲ ಸೇರಿ, ಹಿಂದಿನ ಮೆಟ್ಟಿಲಿನಿಂದ ಕೆಳಗಿಳಿದಿರಬೇಕು. ಇದರ ಉಸ್ತುವಾರಿಗೆ ನಿತೇಶ ಎಂಬವನಿದ್ದ. ಮೊದಲು ಉಮಾನಾಥನ ಹೋಟೆಲಿನಲ್ಲಿ ಮಾಣಿಗಳ ಮೇಲೆ ಕ್ಯಾಪ್ಟನ್ ಆಗಿದ್ದವನು. ಈಗ ವಾಚು ನೋಡುತ್ತ ವಾರ್ಡಿನಲ್ಲಿ ತಿರುಗುತ್ತಿದ್ದ. ಆಯಾಗಳು ಲಿಫ್ಟ್ ಹತ್ತುವಂತಿರಲಿಲ್ಲ, ನರ್ಸುಗಳ ಮೇಜಿನ ಬಳಿ ನಿಲ್ಲುವಂತಿರಲಿಲ್ಲ, ಕೇಸ್ ಶೀಟಿನ ಕಾಗದ ಗಾಳಿಗೆ ಹಾರಿ ಬಿದ್ದರೂ ಹೆಕ್ಕುವಂತಿರಲಿಲ್ಲ.

ಹನ್ನೊಂದು ಮಂಚಕ್ಕೆ ನರ್ಸುಗಳು ಇಬ್ಬರು. ಹೆರಿಗೆ ಕೋಣೆಯಿಂದ ಕೂಗು ಬಂದರೆ ಒಬ್ಬಳು. ನರ್ಸುಗಳ ಪಾಳಿ ಬದಲಾಗುವುದು ಮಧ್ಯಾಹ್ನ ಎರಡಕ್ಕೆ, ಆಯಾಗಳದು ಒಂದಕ್ಕೆ. ಹಾಗಾಗಿ ರಕ್ತವನ್ನು ಕಂಡವಳು, ಅದನ್ನು ಬರೆಯಬೇಕಾದವಳು ಬರೆಯಲು ಕೂರುವ ಮೊದಲೇ ಬಸ್ಸಿನಲ್ಲಿರುತ್ತಿದ್ದಳು. ಶೀಟಿನಲ್ಲಿ ಗಂಟೆಗೊಂದರಂತೆ ಚೌಕಗಳಿದ್ದವು. ಪುರುಸೊತ್ತಾದಾಗ ಪಾಳಿಯ ಆರೂ ಚೌಕಗಳನ್ನು ಒಟ್ಟಿಗೇ ತುಂಬುವುದು ರೂಢಿ. ಹೊದಿಕೆ ಎತ್ತಿ ನೋಡಿದರೆ ಪ್ಯಾಡು ಬಿಳಿ. ರಕ್ತಸ್ರಾವ: ಸಾಧಾರಣ.

ಆರನೇ ಮಂಚದ ದಿವ್ಯಾ ಶಿರೂರಿನವಳು. ಗಂಡ ದೋಣಿಗೆ ಹೋಗುವವನು, ಅತ್ತೆ ಮೀನು ಮಾರುವವಳು. ಎರಡನೆಯ ಹೆರಿಗೆ. ಬೆಳಿಗ್ಗೆ ಹತ್ತಕ್ಕೆ ಹೆಣ್ಣು ಮಗು ಹುಟ್ಟಿತು. ತೂಕ ಮೂರು ಕಿಲೋ ನೂರು ಗ್ರಾಂ. ಇದನ್ನು ಸರಿಯಾಗಿಯೇ ಬರೆದಿದ್ದರು.

ಹನ್ನೊಂದರಿಂದ ಒಂದರ ನಡುವೆ ಸುಂದರಿ ದಿವ್ಯಾಳ ಪ್ಯಾಡನ್ನು ನಾಲ್ಕು ಸಲ ಬದಲಿಸಿದಳು. ನಾಲ್ಕು ಸಲವೂ ಐದು ನಿಮಿಷದೊಳಗೆ ಹಿಂದಿನ ಮೆಟ್ಟಿಲು ಇಳಿದಳು. ಮೂರನೆಯ ಸಲ ಇಳಿಯುವ ಮೊದಲು ವಾರ್ಡಿನ ಮುಖ್ಯ ಸಿಸ್ಟರ್ ಸ್ನೇಹಲತಾಳ ಎದುರು ನಿಂತಳು. ಸ್ನೇಹಲತಾಳ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಡ್ರಿಪ್ ಬಾಟಲಿ. ಬೆಳಗಿನಿಂದ ಚಾ ಕುಡಿದಿರಲಿಲ್ಲ.

“ಸಿಸ್ಟರೆ, ಆರರದ್ದಕ್ಕೆ ಸುಮಾರ್ ಹೋತಾ ಇತ್ತ್.”

“ಈಗಷ್ಟೆ ಕಂಡ್ಕಂಡ್ ಬಂದೆ. ಪ್ಯಾಡ್ ಬೆಳ್ಳಗೆ ಇತ್ತಲೆ?”

“ಅದ್ ನಾನ್ ಈಗಷ್ಟೆ ಬದ್ಲ್ ಮಾಡದ್ದ್.”

“ಒಳ್ಳೇದಾಯ್ತ್. ಹೋಯ್, ನಾಕರದ್ದವ್ರ್ ಆಗ್ಳಿಂದ ಬೆಡ್ ಪ್ಯಾನ್ ಕೇಂತಾ ಇದ್ರ್.”

ಒಂದಕ್ಕೆ ಸುಂದರಿ ಕೆಳಗಿಳಿದು, ಮೆಶಿನ್ನಿಗೆ ಹೆಬ್ಬೆರಳು ಒತ್ತಿ, ವಂಡ್ಸೆಯ ಬಸ್ಸಿಗೆ ಹೋದಳು. ಅವಳ ಜಾಗಕ್ಕೆ ಬರುವ ವನಜ ಬೇರೆ ಬಾಗಿಲಿನಿಂದ ಹತ್ತಿದಳು. ಇಬ್ಬರು ಆಯಾಗಳು ನಿಂತು ಮಾತಾಡುವುದು ನಿತೇಶನಿಗೆ ಆಗುತ್ತಿರಲಿಲ್ಲ. ಎರಡಕ್ಕೆ ಬಂದ ನರ್ಸು ಶೀಟು ಓದಿದಳು: ಸಾಧಾರಣ, ಸಾಧಾರಣ, ಸಾಧಾರಣ. ಎರಡೂವರೆಗೆ ದಿವ್ಯಾ ಚಳಿ ಎಂದಳು. ಅತ್ತೆ ಕಂಬಳಿ ಹೊದಿಸಿದಳು. ಮೂರಕ್ಕೆ ನಿದ್ದೆ ಬರುತ್ತದೆ ಎಂದಳು. ಮೂರೂಕಾಲಿಗೆ ಆಂಬುಲೆನ್ಸು ದಕ್ಷಿಣದ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಿತು. ಬ್ರಹ್ಮಾವರ ತಲುಪುವ ಮೊದಲೇ ಸೈರನ್ ನಿಲ್ಲಿಸಿತು.

ವಿಚಾರಣೆ ಮೂರನೇ ದಿನ, ಉಮಾನಾಥನ ಕೋಣೆಯಲ್ಲಿ. ಕುರ್ಚಿಗಳು ಆರು, ಕೂತವರು ಐವರು, ನಿಂತವಳು ಸುಂದರಿ.

“ಕಾಗದ ಎಲ್ಲ ಕ್ಲೀನ್ ಇತ್ತ್,” ಎಂದ ಉಮಾನಾಥ. “ಹಂಗಾರೆ ತಪ್ಪ್ ಯಾರ್ದ್? ಪ್ಯಾಡ್ ಬದ್ಲ್ ಮಾಡದ್ ಯಾರ್?”

“ನಾನ್.”

“ನೆತ್ರ್ ಹೋತಾ ಇದ್ದದ್ ಕಂಡದ್ ಯಾರ್?”

“ನಾನೇ.”

“ಮತ್ತ್ ಬಾಯಗೆ ಎಂತ ತುಂಬ್ಸ್ಕಂಡಿದ್ದೆ, ಬೇವರ್ಸಿ? ಹೇಳುಕೆ ಎಂತ ಆಯ್ತ್?”

“ಸಿಸ್ಟರ್ ಹತ್ರ ಹೇಳಿದೆ.”

ಸ್ನೇಹಲತಾ ಮೇಜಿನ ಅಂಚನ್ನು ನೋಡುತ್ತಿದ್ದಳು.

“ಸಿಸ್ಟರಿಗ್ ಹೇಳುಕೆ ನೀ ಯಾರ್? ನಾನ್ ಅವತ್ತೇ ಎಂತ ಹೇಳಿದ್ದೆ ನಿಂಗೆ?”

ಹೇಳದೆ ಇದ್ದದ್ದು ಒಂದು ತಪ್ಪು, ಹೇಳಿದ್ದು ಇನ್ನೊಂದು. ಎರಡನ್ನೂ ಒಂದೇ ಕಾಗದದಲ್ಲಿ ಟೈಪು ಮಾಡಿಸಿದ್ದರು. ನಿತೇಶ ಕೇಳದೆಯೇ ಹೆಬ್ಬೆಟ್ಟಿನ ಶಾಯಿ ಡಬ್ಬಿ ಮುಂದೆ ತಳ್ಳಿದ. ಏಳನೆಯವರೆಗೆ ಓದಿದ್ದ ಸುಂದರಿ ಅವನ ಜೇಬಿನಲ್ಲಿದ್ದ ಪೆನ್ನು ತೆಗೆದು, ಕೆಳಗೆ ‘ಹೇಳಿದ್ದೆ’ ಎಂದು ಬರೆದು ಸಹಿ ಹಾಕಿದಳು. ಆ ಕಾಗದವನ್ನು ಆಮೇಲೆ ಯಾರೂ ಕಂಡಿಲ್ಲ. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟು ಕೊಡುವ ಹೊರಗಿನ ತಪಾಸಣೆ ತಂಡವೊಂದು ಬರುವುದಿತ್ತು, ಬೇರೆ ಆಯಾ ಸಿಕ್ಕಿರಲಿಲ್ಲ.

ಮುಂದಿನ ರಜೆಯ ದಿನ ಸುಂದರಿ ಶಿರೂರಿಗೆ ಹೋದಳು. ಬ್ರಹ್ಮಾವರದ ಕಡೆ ಈ ಭಾಗವನ್ನು ಬಿಟ್ಟು ಹೇಳುತ್ತಾರೆ. ದಿವ್ಯಾಳ ಅತ್ತೆ ಅಂಗಳದಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದಳು. ಸುಂದರಿ ನಾಲ್ಕು ಪ್ಯಾಡಿನ ಸಂಗತಿ ಹೇಳಿದಳು. ಅತ್ತೆ ಪೂರ್ತಿ ಕೇಳಿದಳು.

“ನಂಗ್ ಒಂದೂ ಕಾಣ್ಲಿಲ್ಲೆ,” ಎಂದಳು. “ನಾನ್ ಅಲ್ಲೇ ಕೂಕಂಡಿದ್ದೆ. ನೀ ಹಂಗ್ ಬಂದೆ, ಹಿಂಗ್ ಕೊಂಡ್ಹೋದೆ. ಹಾಸಿಗಿ ಹಾಲಿನ ಹಂಗ್ ಇದ್ದಿತ್. ಅದಿಕ್ಕೇ ಆ ಹೆಣ್ಣ್ ಚಳಿ ಅಂದ್ರೆ ಬರೀ ಚಳಿ ಅಂದ್ಕಂಡೆ. ನಿನ್ ಕೈ ಭಾರಿ ಚೊಕ್ಕ, ಹೆಣೆ.”

ಇದನ್ನು ಅವಳು ಬೈಗುಳವಾಗಿ ಹೇಳಲಿಲ್ಲ. ಆಮೇಲೆ ಚಾ ಮಾಡಿ ಕೊಟ್ಟಳು. ಸುಂದರಿ ಕುಡಿದಳು. ಒಳಗೆ ತೊಟ್ಟಿಲಲ್ಲಿ ಮಗು ಅಳುತ್ತಿತ್ತು, ಬಾಟಲಿಯ ಹಾಲು ಕೊಟ್ಟ ಮೇಲೆ ಸುಮ್ಮನಾಯಿತು.

ಮರುದಿನ ಸುಂದರಿ ಬಸ್‌ಸ್ಟಾಂಡಿನಲ್ಲಿ ವನಜಳನ್ನು ಹಿಡಿದು ನಿಲ್ಲಿಸಿದಳು.

“ಇನ್ನ್ ತೆಗೂದ್ ಬ್ಯಾಡ. ಮಂಚದಡಿಗ್ ಒಂದೊಂದ್ ಬೇಸಿನ್ ಇಡ್ವ. ತುಂಬದ್ ಪ್ಯಾಡ್ ಅಲ್ಲೇ ಇರ್ಲಿ. ಸಿಸ್ಟರ್ ಕಾಣ್ಕ್, ಬರೀಕ್, ಮತ್ತ್ ಚೀಲಕ್ ಹಾಕುವ.”

“ನಿತೇಶ ಕಂಡ್ರೆ ಚರ್ಮ ಸುಲಿತ, ಮಾರಾಯ್ತಿ.”

“ಸುಲಿಲಿ. ಅದನ್ನೂ ಬೇಸಿನಿಗ್ ಹಾಕುವ.”

ನಿತೇಶ ಊಟಕ್ಕೆ ಹೋಗುವುದು ಹನ್ನೆರಡೂಮುಕ್ಕಾಲಿಗೆ. ವನಜ ಆ ಹೊತ್ತಿಗೆ, ತನ್ನ ಪಾಳಿಗೆ ಕಾಲು ಗಂಟೆ ಮೊದಲೇ ಬರತೊಡಗಿದಳು. ಇಬ್ಬರೂ ಒಂದನೇ ಮಂಚದಿಂದ ಹನ್ನೊಂದನೆಯದರವರೆಗೆ ಬೇಸಿನ್ ಎಳೆದೆಳೆದು ನೋಡುತ್ತ ಹೋಗುವರು. ಇದ್ರದ್ದ್ ಒಂದ್, ಇದ್ರದ್ದ್ ಎರಡ್, ಇದಕ್ಕೆ ಹೆಪ್ಪ್ ಬಿದ್ದಿತ್, ಇದ್ ಬೆಳಿಗ್ಗೆಯಿಂದ ಉಚ್ಚಿ ಹೊಯ್ಲಿಲ್ಲೆ. ಮೂರನೇ ದಿನ ಇವರನ್ನು ಅಕ್ಷಯಾ ಕಂಡಳು. ಕೊಕ್ಕರ್ಣೆಯ ಹುಡುಗಿ, ನರ್ಸಾಗಿ ಸೇರಿ ಎಂಟು ತಿಂಗಳಾಗಿತ್ತು.

“ಎಂತ ಸುಂದರಕ್ಕ, ಮಂಚದಡಿಗೆ ಕೋಳಿ ಮೊಟ್ಟಿ ಇಟ್ಟಿತಾ?”

“ಇಟ್ಟಿತ್. ಬಂದ್ ಕಾಣಿ.”

ಅಕ್ಷಯಾ ಬಗ್ಗಿ ನೋಡಿದಳು. ನಾಲ್ಕನೇ ದಿನದಿಂದ ಶೀಟುಗಳನ್ನು ಎದೆಗವಚಿಕೊಂಡು ಅವಳೂ ಜೊತೆಗೆ ನಡೆದಳು, ನಿಂತಲ್ಲೇ ಬರೆದಳು. ಆ ಚೌಕಗಳಲ್ಲಿ ಸಾಧಾರಣ ಎಂಬುದನ್ನು ಬಿಟ್ಟು ಬೇರೆ ಪದ ಕಾಣಿಸಿದ್ದು ಅಂದೇ ಮೊದಲು. ಎರಡು ವಾರದೊಳಗೆ ಹತ್ತನೇ ಮಂಚದವಳನ್ನು ಮತ್ತೆ ಹೆರಿಗೆ ಕೋಣೆಗೆ ಒಯ್ದು ಒಳಗುಳಿದಿದ್ದ ಮಾಸಿನ ತುಂಡೊಂದನ್ನು ತೆಗೆದರು. ಇಷ್ಟು ಬೇಗ ಹೇಗೆ ಗೊತ್ತಾಯಿತೆಂದು ವಿನಯಾ ಡಾಕ್ಟರು ಕೇಳಿದರು. ಶೀಟಿನಲ್ಲಿದೆ ಎಂದಳು ಅಕ್ಷಯಾ.

ನಿತೇಶನಿಗೆ ಸುಳಿವು ಕೊಟ್ಟದ್ದು ವಾಸನೆ.

“ಇದೆಂತ ಬಾಳಂತಿ ವಾರ್ಡಾ, ಮೀನ್ ಪೇಟಿಯಾ? ದರಿದ್ರದವ್ರೆ, ತಪಾಸಣೆಗೆ ನಾಕ್ ದಿನ ಇಲ್ಲೆ.”

ಬೇಸಿನ್‌ಗಳನ್ನು ಎಣಿಸಿ ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿದರು. ವನಜಳನ್ನು ಬೆಳಗಿನ ಪಾಳಿಗೆ ಬದಲಿಸಿ ಕೆಳಗಿನ ಕಕ್ಕಸುಗಳಿಗೆ ಹಾಕಿದರು. ಅಕ್ಷಯಾಳಿಗೆ ನಗುಮುಖ ಚೆನ್ನಾಗಿದೆ ಎಂದು, ತಪಾಸಣೆಯ ದಿನ ಮುಂಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕೆಲಸ ಕೊಟ್ಟರು.

ಡಿಸೆಂಬರಿನ ಒಂದು ಸೋಮವಾರ ತಂಡ ಬಂತು: ಇಬ್ಬರು ಗಂಡಸರು, ಒಬ್ಬ ಹೆಂಗಸು. ನೆಲಮಹಡಿಯ ಹಾಲಿನಲ್ಲಿ ಉದ್ದದ ಮೇಜು, ಬಿಳಿ ಬಟ್ಟೆ, ತಟ್ಟೆಗಳಲ್ಲಿ ಹುರಿದ ಗೋಡಂಬಿ. ಪರದೆಯ ಮೇಲೆ ‘ಬಾಳಂತಿಯ ಸುರಕ್ಷತೆ’ ಎಂಬ ಅಕ್ಷರ. ಅದನ್ನು ವಿವರಿಸಲು ಸ್ನೇಹಲತಾಳನ್ನು, ನಡುವೆ ತಲೆಯಾಡಿಸಲು ವಿನಯಾ ಡಾಕ್ಟರನ್ನು ಕೆಳಗೆ ಕರೆಸಿದ್ದರು. ಮೇಲೆ ವಾರ್ಡಿನಲ್ಲಿ ಉಳಿದದ್ದು ಒಬ್ಬಳೇ ನರ್ಸು. ಅವಳೂ ಹೆರಿಗೆ ಕೋಣೆಯೊಳಗಿದ್ದಳು.

ಒಂಬತ್ತನೇ ಮಂಚದಲ್ಲಿ ಬೈಂದೂರಿನ ಅನಿಷಾ. ಮೊದಲ ಹೆರಿಗೆ, ಬೆಳಿಗ್ಗೆ ಏಳೂವರೆಗೆ. ಒಂಬತ್ತು ಹತ್ತಕ್ಕೆ ಸುಂದರಿ ಪ್ಯಾಡು ಬದಲಿಸಿದಳು. ಒಂಬತ್ತು ಮೂವತ್ತೈದಕ್ಕೆ ಬದಲಿಸಿದಳು. ಒಂಬತ್ತು ಐವತ್ತಕ್ಕೆ ಬದಲಿಸುವಾಗ ಮುಷ್ಟಿ ಗಾತ್ರದ ಹೆಪ್ಪು ಕೈಗೆ ಬಂತು. ಬೇಸಿನ್‌ಗಳಿಗೆ ಬೀಗ ಬಿದ್ದಿದ್ದರಿಂದ ಮೂರನ್ನೂ ಮಗು ಮೀಯಿಸುವ ಬೇಸಿನ್ನಿನಲ್ಲಿ ಇಟ್ಟಿದ್ದಳು. ಅನಿಷಾ ಅವಳ ಕೈ ಹಿಡಿದು ಚಳಿ ಎಂದಳು.

ಸುಂದರಿ ಹೆರಿಗೆ ಕೋಣೆಯ ಬಾಗಿಲು ತಟ್ಟಿದಳು. ಒಳಗಿದ್ದ ನರ್ಸು ತಲೆ ತಿರುಗಿಸಲಿಲ್ಲ. “ಇಲ್ಲಿ ಮಗುವಿನ್ ಮಂಡೆ ಕಾಣ್ತಾ ಇತ್ತ್, ಕೈ ಬಿಡುಕಾತಿಲ್ಲೆ. ಡಾಕ್ಟ್ರಿಗ್ ಹೇಳ್, ಓಡ್.”

ಬೇಸಿನ್ ಎತ್ತಿಕೊಂಡು ಸುಂದರಿ ಲಿಫ್ಟಿನ ಗುಂಡಿ ಒತ್ತಿದಳು.

“ಹ್ವಾಯ್, ಎಲ್ಲಿಗ್ ಹೋತೆ? ಹಿಂದಿನ್ ಮೆಟ್ಲಗೆ ಹೋಯ್,” ಎಂದು ನಿತೇಶ ಅಡ್ಡ ಬಂದ.

“ಅದ್ ಕಸ ಹೋಪ ದಾರಿ. ನಾನ್ ಡಾಕ್ಟ್ರ್ ಹತ್ರ ಹೋಪುದ್.”

“ನಿನ್ ಮಂಡೆ ಸಮ ಇಲ್ಯಾ, ರಂಡೆ?”

ಅವಳು ಬೇಸಿನ್ನನ್ನು ಅವನ ಬಿಳಿ ಅಂಗಿಯ ಹತ್ತಿರ ತಂದಳು. ಅವನು ಸರಿದ. ಲಿಫ್ಟ್ ಇಳಿಯಿತು. ಹಾಲಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ ಒಳಗೆ ಹೋಗಿ, ಎರಡು ಗೋಡಂಬಿ ತಟ್ಟೆಗಳ ನಡುವಿನ ಜಾಗದಲ್ಲಿ ಬೇಸಿನ್ ಇಟ್ಟಳು.

“ಒಂಬತ್ನೇ ಮಂಚದ್. ನಲ್ವತ್ ನಿಮಿಷಕ್ಕೆ ಮೂರ್. ಹೆಣ್ಣ್ ಚಳಿ ಅಂತಾ ಇತ್ತ್.”

ಇಲ್ಲಿ ಉಮಾನಾಥ ಕುರ್ಚಿಯಿಂದ ಬಿದ್ದನೆಂದು ಬ್ರಹ್ಮಾವರದ ಕಡೆ ಹೇಳುತ್ತಾರೆ. ಬೀಳಲಿಲ್ಲ. ಎದ್ದು, ತನ್ನ ತೊಡೆಯ ಮೇಲಿದ್ದ ನ್ಯಾಪ್ಕಿನ್ನನ್ನು ಬೇಸಿನ್ನಿನ ಮೇಲೆ ನೀಟಾಗಿ ಮುಚ್ಚಿದ. ವಿನಯಾ ಡಾಕ್ಟರು ಅದನ್ನು ತೆಗೆದು ನೋಡಿದರು. ಆಮೇಲೆ ಅವರು ಮೆಟ್ಟಿಲು ಹತ್ತಿ ಓಡಿದ ಸದ್ದು ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿದ್ದ ಅಕ್ಷಯಾಳೂ ಪನ್ನೀರಿನ ದಾನಿ ನೆಲದಲ್ಲಿಟ್ಟು ಹಿಂದೆಯೇ ಓಡಿದಳು.

“ತೆಗಿ ಅದನ್ನ,” ಎಂದ ಉಮಾನಾಥ.

“ಬರ್ದಿಲ್ಲೆ, ಸಾರ್.”

“ಎಂತ?”

“ಶೀಟಗೆ ಬರ್ದಿಲ್ಲೆ ಇನ್ನೂ. ಬರೀದೆ ತೆಗ್ದದ್ದಕ್ಕೆ ಮೊನ್ನೆ ಒಂದ್ ಹೆಣ್ಣ್ ಸತ್ ಹೋಯ್ತ್.”

“ಯಾವ ಹೆಣ್ಣು?” ಎಂದು ತಂಡದ ಹೆಂಗಸು ಕೇಳಿದಳು.

“ಇವಳಿಗೆ ತಲೆ ಸರಿ ಇಲ್ಲ ಮೇಡಂ. ಪಾಪ ಅಂತ ಇಟ್ಟುಕೊಂಡದ್ದು,” ಎಂದು ಅವಳಿಗೆ ಹೇಳಿ, ಉಮಾನಾಥ ಸುಂದರಿಯ ಕಡೆ ತಿರುಗಿದ. “ನಿಂಗ್ ನಾಳಿಂದ ಕೆಲ್ಸ ಇಲ್ಲೆ. ನಾಳಿಂದೆಂತ, ಈಗ್ಳಿಂದ. ನಿತೇಶ, ವನಜನ್ನ ಕರಿ, ಫಟಾಫಟ್.”

ವನಜ ಕಕ್ಕಸು ತೊಳೆಯುವ ರಬ್ಬರ್ ಗ್ಲೌಸಿನಲ್ಲೇ ಬಂದಳು. ಬೇಸಿನ್ ನೋಡಿದಳು, ಸುಂದರಿಯನ್ನು ನೋಡಿದಳು, ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು.

“ಸಿಸ್ಟರ್ ಬರ್ದ್ರಾ?”

ಇನ್ನೊಬ್ಬಳನ್ನು ಕರೆಸಿದರು. ಅವಳೂ ಅದನ್ನೇ ಕೇಳಿದಳು. ಮತ್ತೊಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು. ಒಟ್ಟು ಐದು ಮಂದಿ ಆಯಾಗಳು ಬಂದರೆಂದು ಸುಂದರಿ, ಹನ್ನೊಂದು ಮಂದಿಯೆಂದು ಬೈಂದೂರಿನವರು. ಎಷ್ಟೇ ಇರಲಿ, ಬೇಸಿನ್ ಇದ್ದಲ್ಲೇ ಇತ್ತು. ಎತ್ತಲು ನಿತೇಶನಿಗೆ ಯಾರೂ ಹೇಳಲಿಲ್ಲ, ಅವನೂ ಮುಂದೆ ಬರಲಿಲ್ಲ. ತಂಡದ ಗಂಡಸರಲ್ಲೊಬ್ಬ ಗೋಡಂಬಿ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ.

ಪರದೆಯ ಬಳಿ ಕೋಲು ಹಿಡಿದು ನಿಂತಿದ್ದ ಸ್ನೇಹಲತಾ ಕೋಲನ್ನು ಗೋಡೆಗೊರಗಿಸಿ ಹೊರಗೆ ಹೋದಳು. ಹತ್ತು ನಿಮಿಷ ಕಳೆದು ಬಂದಾಗ ಕೈಯಲ್ಲಿ ಕೇಸ್ ಶೀಟಿತ್ತು.

“ಚುಚ್ಚುಮದ್ದು ಹಿಡಿದಿದೆ. ರಕ್ತ ಕಮ್ಮಿಯಾಗ್ತಾ ಇದೆ,” ಎಂದು ಯಾರಿಗೋ ಎಂಬಂತೆ ಹೇಳಿ, ಬೇಸಿನ್ನಿನ ಪಕ್ಕದ ಕುರ್ಚಿ ಎಳೆದು ಕೂತು, ಮೊದಲ ಪ್ಯಾಡಿನ ಹೊತ್ತು ಕೇಳಿ ಬರೆದಳು. “ಸುಂದರಿ, ಎರಡ್ನೇದ್ ಎಷ್ಟ್ ಗಂಟಿಗೆ?”

“ಒಂಬತ್ ಮೂವತ್ತೈದ್.”

“ಮೂರ್ನೇದ್?”

“ಒಂಬತ್ ಐವತ್.”

ಬರೆದು ಸಹಿ ಹಾಕಿದಳು. ವನಜ ಕೈ ಮುಂದೆ ಚಾಚಿದಳು. ಆದರೆ ಸ್ನೇಹಲತಾ ಏಳಲಿಲ್ಲ. ಇನ್ನೊಂದು ಖಾಲಿ ಹಾಳೆ ತೆಗೆದು, ಮೇಲ್ಗಡೆ ದಿವ್ಯಾ, ಆರನೇ ಮಂಚ, ಶಿರೂರು ಎಂದು ಬರೆದಳು. ತಲೆ ಎತ್ತದೆ ಕೇಳಿದಳು.

“ಅವತ್ತ್, ಮೊದಲ್ನೇದ್ ಎಷ್ಟ್ ಗಂಟಿಗೆ ಬದ್ಲ್ ಮಾಡದ್ದ್ ನೀನ್?”

“ಸಿಸ್ಟರ್,” ಎಂದ ಉಮಾನಾಥ.

“ಹನ್ನೊಂದ್ ಹತ್ತ್,” ಎಂದಳು ಸುಂದರಿ.

“ಸಿಸ್ಟರ್, ನಾನ್ ನಿಮ್ಗೇ ಹೇಳುದ್.”

“ಎರಡ್ನೇದ್?”

ಸುಂದರಿ ನಾಲ್ಕೂ ಹೊತ್ತುಗಳನ್ನು ಹೇಳಿದಳು. ಮೂರನೆಯದರ ಮುಂದೆ ಸ್ನೇಹಲತಾ ‘ಆಯಾ ನನಗೆ ತಿಳಿಸಿದಳು’ ಎಂದು ಸೇರಿಸಿದಳು.

ಇಲ್ಲಿಗೆ ನಿಲ್ಲಿಸಿ ಸುಂದರಿ ಹಂಡೆಯ ನೀರಿಗೆ ಬೆರಳದ್ದಿ ನೋಡಿದಳು. ಕೇಳುತ್ತಿದ್ದವರಲ್ಲಿ ಒಬ್ಬಳು ಬಿಡಲಿಲ್ಲ.

“ಮತ್ತೆಂತ ಆಯ್ತ್, ಸುಂದರಕ್ಕ?”

“ಮತ್ತೆಂತ. ಬೇಸಿನ್ ವನಜ ತೆಗ್ದ್ಲ್. ನನ್ನ ಗೇಟಿಂದ ಹೊರ್ಗ್ ಹಾಕ್ರ್. ಸಿಸ್ಟರನ್ನ ಹದ್ನೈದ್ ದಿನ ಬಿಟ್ಟ್ ಹೊರ್ಗ್ ಹಾಕ್ರ್. ಅನಿಷಾ ಬದ್ಕಿತ್, ಮಗುಗ್ ಹೆಸ್ರಿಟ್ಟ್ರಂಬ್ರ್. ಆಸ್ಪತ್ರಿಗೆ ಸರ್ಟಿಫಿಕೇಟೂ ಬಂತಂಬ್ರ್.”

“ದಿವ್ಯಾನ ಕಾಗ್ದ?”

“ಆ ಮೇಡಂ ಮಡ್ಚಿ ಚೀಲಕ್ ಹಾಕದ್ ಕಂಡೆ. ಮತ್ತ್ ಗೊತ್ತಿಲ್ಲೆ.”

ಒಳಗಿನಿಂದ ಚಂದ್ರನ ಹೆಂಡತಿ ಎಣ್ಣೆಯ ಗಿಂಡಿ ತಂದಿಟ್ಟಳು. ಬಾಳಂತಿ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಬಂದಳು. ಕೊಲ್ಲೂರಿನ ಬಸ್ಸು ಬರುವ ಹೊತ್ತಾಯಿತೆಂದು ಒಬ್ಬಳು ಎದ್ದಳು. ಅಕ್ಕಿ ನೆನೆಹಾಕಿ ಬಂದಿದ್ದ ಇನ್ನೊಬ್ಬಳು ಅವಳ ಹಿಂದೆ. ಉಳಿದ ನಾಲ್ವರೂ ಸೆರಗು ಕೊಡವಿಕೊಂಡು, ಚಪ್ಪಲಿ ಮೆಟ್ಟಿ, ತಮ್ಮ ತಮ್ಮ ಮನೆಗೆ ನಡೆದರು.